ಹಿಡಿದದ್ದು ಬಿಡದವಳು

ಜಯಮಾಲಾಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಗಂಡ ನಿಂಗಣ್ಣನಿಗೆ ಇದು ಮದುವೆಯಾದ ಹೊಸತರಲ್ಲೇ ಗೊತ್ತಾಗಿತ್ತು. ಅವಳು ಪಾತ್ರೆಗಳನ್ನು ಕುಕ್ಕುತ್ತಿದ್ದರೆ ಅವನು ಬೀಡಿ ಸೇದುತ್ತ ಆರಾಮಾಗಿ ಕೂತಿರುತ್ತಿದ್ದ. ಮೆತ್ತಗೆ ಮಾತಾಡಲು ಶುರುಮಾಡಿದಳೆಂದರೆ ಎದ್ದು ಅಂಗಿ ಹಾಕಿಕೊಂಡು ಬೀದಿಗೆ ಹೋಗಿಬಿಡುತ್ತಿದ್ದ. ಇಬ್ಬರೂ ಶಹಾಪುರದ ಕಡೆಯವರು. ಬೆಂಗಳೂರಿಗೆ ಬಂದು ಹೊಸ ತಿಪ್ಪಸಂದ್ರದ ವಠಾರವೊಂದರಲ್ಲಿ ಕೋಣೆ ಹಿಡಿದ ಮೇಲೆ ಅವನು ಸೆಂಟ್ರಿಂಗ್ ಕೆಲಸಕ್ಕೆ ಹೋಗತೊಡಗಿದ, ಅವಳು ಕೆ.ಆರ್. ಪುರದ ಆಚೆ ಇದ್ದ ಗಾರ್ಮೆಂಟ್ಸ್ ಸೇರಿದಳು. ಹೊರದೇಶಕ್ಕೆ ಹೋಗುವ ಶರ್ಟುಗಳಿಗೆ ಕಾಲರ್ ಕೂರಿಸುವುದು ಅವಳ ಕೆಲಸ.

ಆ ಫ್ಯಾಕ್ಟರಿಯಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಲೈನಿನ ಸೂಪರ್‌ವೈಸರ್ ಮೇಜಿನ ಪಕ್ಕ ಗೋಡೆಗೆ ಒಂದು ಹಲಗೆ, ಹಲಗೆಗೆ ಎರಡು ಮೊಳೆ, ಮೊಳೆಗೆ ನೇತುಹಾಕಿದ ಎರಡು ಕೆಂಪು ಪ್ಲಾಸ್ಟಿಕ್ ಬಿಲ್ಲೆ. ಟೋಕನ್ ಅನ್ನುತ್ತಿದ್ದರು. ಅರವತ್ತು ಹೆಂಗಸರು ಕೂತ ಲೈನಿನಲ್ಲಿ ಪಾಯಿಖಾನೆಗೆ ಹೋಗಬೇಕಾದವಳು ಟೋಕನ್ ತೆಗೆದುಕೊಂಡೇ ಹೋಗಬೇಕು, ಬಂದು ಮೊಳೆಗೆ ಹಾಕಬೇಕು. ಎರಡೂ ಹೊರಗಿದ್ದರೆ ಕಾಯಬೇಕು. ಜಯಮಾಲಾಳ ಲೈನಿನ ಸೂಪರ್‌ವೈಸರ್ ಪೀರಪ್ಪ ಇದಕ್ಕೆ ತನ್ನದೂ ಒಂದು ಸೇರಿಸಿದ್ದ. ಟಾರ್ಗೆಟ್ ಹಿಂದೆ ಬಿದ್ದ ದಿನ ಎರಡೂ ಟೋಕನ್ ತೆಗೆದು ಜೇಬಿಗೆ ಹಾಕಿಕೊಂಡುಬಿಡುತ್ತಿದ್ದ. ಕೇಳಿದರೆ, "ಮನೇಲಿ ನೀರು ಕಮ್ಮಿ ಕುಡ್ಕೊಂಡು ಬನ್ನಿ" ಅನ್ನುತ್ತಿದ್ದ.

ಹೆಂಗಸರು ಹಾಗೇ ಮಾಡುತ್ತಿದ್ದರು. ಬೆಳಗಿನಿಂದ ಊಟದ ಹೊತ್ತಿನವರೆಗೆ ಬಾಯಿಗೆ ಒಂದು ಗುಟುಕು ನೀರು ಹಾಕುತ್ತಿರಲಿಲ್ಲ. ಉರಿಮೂತ್ರ ಬಾರದವಳು ಆ ಲೈನಿನಲ್ಲಿ ಯಾರೂ ಇರಲಿಲ್ಲ.

ಜಯಮಾಲಾಳ ಪಕ್ಕದ ಮಿಷನ್ನಿನಲ್ಲಿ ನೂರ್‌ಜಹಾನ್ ಕೂರುತ್ತಿದ್ದಳು. ಶಿವಾಜಿನಗರದವಳು, ಎರಡು ಮಕ್ಕಳ ತಾಯಿ, ಜಯಮಾಲಾಳಿಗಿಂತ ಏಳೆಂಟು ವರ್ಷ ಚಿಕ್ಕವಳು. ಬಾಯಿ ತೆರೆದರೆ ನಗು. ಬಸ್ಸಿನ ಕಂಡಕ್ಟರನಿಂದ ಹಿಡಿದು ಜಿ.ಎಂ. ಸಾಹೇಬರವರೆಗೆ ಎಲ್ಲರ ನಡಿಗೆಯನ್ನೂ ಅಣಕಿಸಿ ತೋರಿಸುತ್ತಿದ್ದಳು. ಊಟದ ಹೊತ್ತಿನಲ್ಲಿ ಅವಳ ಸುತ್ತ ಯಾವಾಗಲೂ ಗುಂಪು.

1999ರ ಬೇಸಿಗೆಯ ಒಂದು ಮಧ್ಯಾಹ್ನ ಶಿಪ್‌ಮೆಂಟಿನ ಅವಸರವಿತ್ತು. ಟೋಕನ್ ಎರಡೂ ಪೀರಪ್ಪನ ಜೇಬಿನಲ್ಲಿದ್ದವು. ನೂರ್‌ಜಹಾನ್ ಎದ್ದು ಹೋಗಿ ಕೇಳಿದಳು. ಇಲ್ಲ ಅಂದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೋದಳು. "ಈ ಬಂಡಲ್ ಮುಗಿಸು, ಆಮೇಲೆ ನೋಡೋಣ" ಅಂದ. ಅವಳು ಬಂದು ಕೂತು ತುಟಿ ಕಚ್ಚಿಕೊಂಡು ಹೊಲಿಗೆ ಹಾಕುತ್ತಿದ್ದುದನ್ನು ಜಯಮಾಲಾ ನೋಡಿದಳು. ಆಮೇಲೆ ಅವಳ ಮಿಷನ್ ನಿಂತಿತು. ಸ್ಟೂಲಿನ ಕೆಳಗೆ ಸಿಮೆಂಟು ನೆಲ ಒದ್ದೆಯಾಗಿತ್ತು. ನೂರ್‌ಜಹಾನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಪೀರಪ್ಪ ಬಂದು ನೋಡಿದ. ಅವಳ ಮಡಿಲಿಂದ ಜಾರಿ ಬಿದ್ದಿದ್ದ ತೋಳಿನ ಪೀಸನ್ನು ಎರಡು ಬೆರಳಲ್ಲಿ ಎತ್ತಿ ಇಡೀ ಲೈನಿಗೆ ಕಾಣುವ ಹಾಗೆ ಹಿಡಿದು, "ಎಕ್ಸ್‌ಪೋರ್ಟ್ ಪೀಸ್ ಕಣಮ್ಮಾ ಇದು. ನಿಮ್ಮನೆ ಕೂಸಿನ ಬಟ್ಟೆ ಅಲ್ಲ" ಅಂದ.

ಯಾರೂ ನಗಲಿಲ್ಲ, ಆದರೆ ಯಾರೂ ಮಾತಾಡಲೂ ಇಲ್ಲ. ಜಯಮಾಲಾ ತನ್ನ ಸೆರಗು ಬಿಚ್ಚಿ ಅವಳ ಸೊಂಟಕ್ಕೆ ಮರೆ ಹಿಡಿದು ಬಾಗಿಲವರೆಗೆ ಕರೆದುಕೊಂಡು ಹೋದಳು. ನೂರ್‌ಜಹಾನ್ ಬುರ್ಖಾ ಹಾಕಿಕೊಂಡು ಗೇಟು ದಾಟಿದವಳು ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ವಾರದೊಳಗೆ ಆ ಮಿಷನ್ನಿಗೆ ಬೇರೊಬ್ಬಳು ಬಂದಳು.

ಜಯಮಾಲಾಳ ದನಿ ಇಳಿದದ್ದು ಆಗ.

ಮೊದಲು ಪೀರಪ್ಪನನ್ನು ಕೇಳಿದಳು. "ಆ ಟೋಕನ್ ಹಲಗಿ ತಗೀರಿ." ಅವನು ಬೈದ. ಪ್ರೊಡಕ್ಷನ್ ಮ್ಯಾನೇಜರನ್ನು ಕೇಳಿದಳು. ಅವನು ಪರ್ಸೊನೆಲ್ ಆಫೀಸರ್ ಹತ್ತಿರ ಹೋಗು ಅಂದ. ಪರ್ಸೊನೆಲ್ ಆಫೀಸರ್ ಸಮರ್ಥ್ ಇಂದಿರಾನಗರದ ಹುಡುಗ, ಓದು ಮುಗಿಸಿ ಹೊಸದಾಗಿ ಸೇರಿದ್ದವನು, ಸಭ್ಯಸ್ಥ. ಕುರ್ಚಿ ತೋರಿಸಿ ಕೂರಿಸಿ, "ಮ್ಯಾನೇಜ್‌ಮೆಂಟ್ ಜೊತೆ ಡಿಸ್ಕಸ್ ಮಾಡ್ತೀನಿ" ಅಂದ. ಮರುದಿನ ಹೋದಳು. ಮಾಡ್ತೀನಿ ಅಂದ. ಅದರ ಮರುದಿನವೂ ಹೋದಳು. ಕೊನೆಗೆ ಬೆಳಿಗ್ಗೆ ಜಿ.ಎಂ. ಸಾಹೇಬರ ಕಾರು ಬರುವ ಹೊತ್ತಿಗೆ ಗೇಟಿನ ಹತ್ತಿರ ನಿಲ್ಲತೊಡಗಿದಳು. ಕಾರು ನಿಧಾನವಾದಾಗ ಕಿಟಕಿಯತ್ತ ಬಗ್ಗಿ ಅದೇ ಮಾತು ಹೇಳುವಳು. "ಸಾಹೇಬ್ರ, ಟೋಕನ್ ಹಲಗಿ ತಗಸ್ರಿ." ಬೊಂಬಾಯಿ ಕಡೆಯ ಆ ಸಾಹೇಬರಿಗೆ ಕನ್ನಡ ಬರುತ್ತಿರಲಿಲ್ಲ. ಗಾಜು ಏರಿಸಿಕೊಂಡು ಹೋಗುವರು. ವಾಚ್‌ಮನ್ ಅವಳನ್ನು ಆಚೆ ತಳ್ಳುವನು. ಮರುದಿನ ಅವಳು ಅಲ್ಲೇ.

ಮಳೆಗಾಲ ಬಂತು. ಕೊಡೆ ಹಿಡಿದು ನಿಂತಳು. ಅರ್ಧ ಗಂಟೆ ಲೇಟು ಎಂದು ಹಾಜರಿ ಕತ್ತರಿಸಿದರು, ಮತ್ತಷ್ಟು ಬೇಗ ಬಂದು ನಿಂತಳು. ಕಾಲರ್ ಬಿಡಿಸಿ ಗುಂಡಿ ಹಚ್ಚುವ ಕೆಲಸಕ್ಕೆ ಹಾಕಿದರು, ಗುಂಡಿ ಹಚ್ಚಿದಳು, ಬೆಳಿಗ್ಗೆ ಗೇಟಿನಲ್ಲಿ ನಿಂತಳು. ಬೇರೆ ಹೆಂಗಸರು ಮೊದಮೊದಲು ಅವಳನ್ನು ಕಂಡು ಮರುಗಿದರು, ಆಮೇಲೆ ದೂರ ಸರಿದರು. "ನಿನಗ್ಯಾಕ ಬೇಕಿತ್ತು ಇದು, ಅಕಿ ಏನ್ ನಿನ್ನ ತಂಗಿಯೇನು?" ಎಂದು ನಿಂಗಣ್ಣ ಕೇಳಿದ. ಅವಳು ತಣ್ಣಗೆ, "ಊಟ ಮಾಡು" ಅಂದಳು. ಅವನು ಬೇಗ ಊಟ ಮುಗಿಸಿ ಅಂಗಿ ಹಾಕಿಕೊಂಡ.

ದಸರೆ ಹತ್ತಿರ ಬಂದಾಗ ಫ್ಯಾಕ್ಟರಿಗೆ ಸುಣ್ಣ ಬಳಿದರು. ಶರ್ಟು ಕೊಳ್ಳುವ ವಿದೇಶದ ಕಂಪನಿಯವರು ಹಬ್ಬ ಕಳೆದ ಮೇಲೆ ನೋಡಲು ಬರುತ್ತಾರಂತೆ ಎಂಬ ಸುದ್ದಿ ಇತ್ತು. ಆಯುಧಪೂಜೆಯ ದಿನ ಮಿಷನ್ನುಗಳಿಗೆಲ್ಲ ಚೆಂಡುಹೂವು, ಕುಂಕುಮ. ಬಾಗಿಲಲ್ಲಿ ಬೂದುಗುಂಬಳ ಒಡೆದರು. ಕಡ್ಲೆಪುರಿ, ಸಿಹಿ ಹಂಚಿದ ಮೇಲೆ ಅಂಗಳದಲ್ಲಿ ಶಾಮಿಯಾನ ಹಾಕಿ, ಉತ್ತಮ ಕೆಲಸಗಾರರಿಗೆ ಬಹುಮಾನ ಅಂದರು. ಕಟಿಂಗ್ ಸೆಕ್ಷನ್ನಿನ ಒಬ್ಬನನ್ನು ಕರೆದರು, ಪ್ಯಾಕಿಂಗಿನ ಒಬ್ಬಳನ್ನು ಕರೆದರು. ಆಮೇಲೆ ಜಯಮಾಲಾಳ ಹೆಸರು ಕೂಗಿದರು.

ಅವಳು ತನ್ನನ್ನಲ್ಲ ಎಂದುಕೊಂಡು ಕೂತೇ ಇದ್ದಳು. ಪಕ್ಕದವಳು ತಿವಿದು ಎಬ್ಬಿಸಿದಳು.

ಜಿ.ಎಂ. ಸಾಹೇಬರು ಮೈಕಿನ ಮುಂದೆ ನಗುತ್ತ ಇಂಗ್ಲಿಷಿನಲ್ಲಿ ಒಂದಷ್ಟು ಹೇಳಿದರು. ಅದರಲ್ಲಿ ಒಂದು ಮಾತು ಒತ್ತಿ ಹೇಳಿದರು. "ಶೀ ಈಸ್ ದ ಮೋಸ್ಟ್ ಡಾಗೆಡ್ ವರ್ಕರ್ ಇನ್ ದಿಸ್ ಯೂನಿಟ್." ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳಬೇಕಾಗಿದ್ದವನು ಸಮರ್ಥ್. ಅವನು ಒಂದು ಕ್ಷಣ ತಡವರಿಸಿದ. ಬೆವರು ಒರೆಸಿಕೊಂಡ. "ಜಯಮಾಲಾ ಅವರು... ಅಂದ್ರೆ, ನಾಯಿ ಥರ. ಹಿಡಿದಿದ್ದನ್ನ ಬಿಡಲ್ಲ ಅಂತ ಸಾಹೇಬ್ರು ಹೇಳ್ತಿದಾರೆ" ಅಂದ.

ಶಾಮಿಯಾನ ಹಾರಿಹೋಗುವ ಹಾಗೆ ನಗು ಎದ್ದಿತು. ಪೀರಪ್ಪ ತೊಡೆ ತಟ್ಟಿಕೊಂಡು ನಕ್ಕ. ಜನ ಯಾಕೆ ನಗುತ್ತಿದ್ದಾರೆ ಎಂದು ತಿಳಿಯದೆ ಜಿ.ಎಂ. ಸಾಹೇಬರೂ ನಕ್ಕರು, ಚಪ್ಪಾಳೆ ತಟ್ಟಿದರು. ಜಯಮಾಲಾಳ ಕೈಗೆ ಒಂದು ಪ್ರೆಶರ್ ಕುಕ್ಕರ್ ಬಂತು. ಫೋಟೊ ತೆಗೆದರು. ಕುಕ್ಕರನ್ನು ಅಲ್ಲೇ ಇಟ್ಟು ಇಳಿಯಬೇಕು ಎಂದು ಹೊಳೆದದ್ದು ಬಸ್ಸು ಹತ್ತಿದ ಮೇಲೆ.

"ಕುಕ್ಕರ್ ಭಾಳ ಛಲೋ ಅದ ಬಿಡು" ಅಂದ ನಿಂಗಣ್ಣ, ಮುಚ್ಚಳ ತೆಗೆದು ಹಾಕಿ ನೋಡುತ್ತ. ನಡೆದದ್ದನ್ನು ಹೇಳಿದಾಗ ಅವನಿಗೂ ನಗು ತಡೆಯಲಾಗಲಿಲ್ಲ. ಆ ರಾತ್ರಿ ಅವಳು ಅವನಿಗೆ ಬಡಿಸಲಿಲ್ಲ.

ಹಬ್ಬ ಮುಗಿಸಿ ಕೆಲಸಕ್ಕೆ ಹೋದರೆ ಡಾಗು ಎಂಬ ಹೆಸರು ಅವಳಿಗಿಂತ ಮೊದಲೇ ಹೋಗಿ ಕೂತಿತ್ತು. ಕಟಿಂಗ್ ಸೆಕ್ಷನ್ನಿನ ಹುಡುಗರು ಅವಳು ದಾಟಿ ಹೋಗುವಾಗ ಬೊಗಳಿದರು. ಕ್ಯಾಂಟೀನಿನಲ್ಲಿ ಯಾರೋ ಅವಳ ತಟ್ಟೆಯ ಪಕ್ಕ ಬಿಸ್ಕತ್ತಿನ ಚೂರು ಇಟ್ಟುಹೋದರು. ಪೀರಪ್ಪನಂತೂ ಟೋಕನ್ನನ್ನು ಬೆರಳಲ್ಲಿ ತಿರುಗಿಸುತ್ತ, "ಏನಮ್ಮಾ ಡಾಗು, ಬೇಕಾ? ಬಾ, ಬಾ" ಎಂದು ನಾಲಿಗೆಯಲ್ಲಿ ಚ್ಚು ಚ್ಚು ಅಂದ. ಮೊದಲು ಮರುಗುತ್ತಿದ್ದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಅವಳಿಗೆ ಹೆಚ್ಚು ಉರಿದದ್ದು ಅದಕ್ಕೆ.

ಅವಳು ನೇರ ಸಮರ್ಥನ ಕೋಣೆಗೆ ಹೋದಳು.

"ಸಾಹೇಬ್ರು ನನಗ ನಾಯಿ ಅಂದ್ರೇನ್ರಿ?"

"ಅಯ್ಯೋ, ಇಲ್ಲಮ್ಮ. ಡಾಗೆಡ್ ಅಂದ್ರೆ ಇಂಗ್ಲಿಷಲ್ಲಿ ಒಳ್ಳೆ ಪದ. ಹೊಗಳಿಕೆ ಅದು. ಪಟ್ಟು ಬಿಡದೆ ಮಾಡ್ತಾರಲ್ಲ, ಅಂಥೋರಿಗೆ ಹೇಳೋದು."

"ಹಂಗಿದ್ರ ನೀವ್ಯಾಕ ನಾಯಿ ಅಂದ್ರಿ?"

"ಸ್ಟೇಜ್ ಮೇಲೆ ಟಕ್ ಅಂತ ಕನ್ನಡ ಪದ ಸಿಗ್ಲಿಲ್ಲ. ಸಾರಿ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಮ್ಮು..."

"ಛಲ ಅನ್ನೋ ಮಾತು ಸಿಗಲಿಲ್ಲ? ಹಟ ಅನ್ನೋದು? ನಿಮ್ಮವ್ವ ನಿಮಗ ಸಣ್ಣವರಿದ್ದಾಗ ಹಟಮಾರಿ ಅಂತ ಒಂದು ಸರ್ತಿನೂ ಬೈದಿಲ್ಲೇನು?"

ಸಮರ್ಥ್ ಕೆಂಪಗಾದ. "ಮೀನಿಂಗ್ ಒಳ್ಳೇದೇ ಇದೆಯಲ್ಲಮ್ಮ, ಬಿಟ್ಬಿಡಿ" ಅಂದ.

ಅವಳು ಬಿಡಲಿಲ್ಲ. ಒಳ್ಳೆಯ ಪದವೋ ಕೆಟ್ಟ ಪದವೋ ತಿಳಿಯಲೇಬೇಕೆಂದು ಅವಳ ತಲೆಗೆ ಹೊಕ್ಕಿತು. ಬಸ್ಸಿನಲ್ಲಿ ಕಾಲೇಜು ಹುಡುಗಿಯರನ್ನು ಕೇಳಿದಳು. ಒಬ್ಬಳು ಒಳ್ಳೆಯದು ಅಂದಳು, ಇನ್ನೊಬ್ಬಳಿಗೆ ಗೊತ್ತಿರಲಿಲ್ಲ. ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಔಷಧಿ ಅಂಗಡಿಯವನನ್ನು ಕೇಳಿದಳು. ಯಾರು ಏನು ಹೇಳಿದರೂ ಮನಸ್ಸು ಒಪ್ಪಲಿಲ್ಲ. ಒಳ್ಳೆಯದಾದರೆ ಅಷ್ಟು ಜನ ಬೊಗಳುವುದು ಯಾಕೆ? ಕೆಟ್ಟದ್ದಾದರೆ ಕುಕ್ಕರ್ ಕೊಡುವುದು ಯಾಕೆ? ಬೆಳಿಗ್ಗೆ ಎದ್ದರೆ ಅದೇ, ಮಲಗುವಾಗ ಅದೇ. ಕಾರಿನ ಹೊತ್ತಿಗೆ ಗೇಟಿನಲ್ಲಿ ನಿಲ್ಲಲು ಹೋದರೆ ವಾಚ್‌ಮನ್ನೂ ಬೊಗಳುತ್ತಾನೇನೋ ಎಂದು ಅವಳು ನೇರ ಒಳಗೆ ಹೋಗತೊಡಗಿದಳು.

ಕೋಕಿಲಾ ಮೇಡಂ ಇನ್ಶೂರೆನ್ಸ್ ಕಾಲೊನಿಯಲ್ಲಿದ್ದರು. ಇಂದಿರಾನಗರದ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರು. ಭಾನುವಾರಗಳಲ್ಲಿ ಜಯಮಾಲಾ ಅವರ ರವಿಕೆ ಹೊಲಿದುಕೊಡುತ್ತಿದ್ದಳು. ದೀಪಾವಳಿ ಕಳೆದ ಭಾನುವಾರ ರವಿಕೆ ಕೊಡಲು ಹೋದಾಗ ನಡೆದದ್ದನ್ನೆಲ್ಲ ಹೇಳಿ, ಆ ಪದದ ಅರ್ಥ ಕೇಳಿಯೇಬಿಟ್ಟಳು. ಮೇಡಂ ಕೂಡ ಮೊದಲು ಸಮರ್ಥ್ ಹೇಳಿದ್ದನ್ನೇ ಹೇಳಿದರು.

"ಒಳ್ಳೆ ಮಾತೇ ಕಣ್ರೀ ಅದು. ನಮ್ಮ ಸ್ಕೂಲಲ್ಲಿ ರಿಪೋರ್ಟ್ ಕಾರ್ಡಲ್ಲೂ ಬರೀತೀವಿ."

"ಅದರಾಗ ಡಾಗ್ ಅಂತ ಅದಲ್ರಿ. ಅದು ಹೆಂಗ ಬಂತು?"

ಮೇಡಂಗೆ ಅದು ಗೊತ್ತಿರಲಿಲ್ಲ. ತಾವೇ ಕುತೂಹಲದಿಂದ ಎದ್ದು ಹೋಗಿ, ಮಾವನ ಕಾಲದ ಇಟ್ಟಿಗೆಯಂಥ ದಪ್ಪ ಡಿಕ್ಷನರಿ ತಂದು ಊಟದ ಮೇಜಿನ ಮೇಲೆ ಇಟ್ಟು ಕನ್ನಡಕ ಹಾಕಿಕೊಂಡರು. ಓದುತ್ತ ಓದುತ್ತ ಅವರ ಹುಬ್ಬು ಗಂಟಾಯಿತು.

"ಏನ್ ಬರದಾರ್ರಿ?"

"ನಾಯಿಯಿಂದಲೇ ಬಂದಿದೆ. ತುಂಬಾ ಹಳೇ ಪದ ಇದು, ಆರೇಳುನೂರು ವರ್ಷದ್ದು." ಮೇಡಂ ಬೆರಳಿಟ್ಟು ಓದಿದರು. "ಮೊದಲು ಇದು ಬೈಗುಳವೇ ಆಗಿತ್ತು. ನಾಯಿಗುಣದವನು ಅಂತ. ಮುಂಗೋಪಿ, ಕ್ರೂರಿ, ಕೇಡು ಬಯಸೋನು, ಗುರ್ ಅನ್ನೋನು. ನಾಯೀಲಿ ಏನೇನು ಕೆಟ್ಟದ್ದು ಅಂತ ಅವರಿಗನ್ನಿಸ್ತೋ ಅದೆಲ್ಲ. ಹಂಗೇ ಎಷ್ಟೋ ಕಾಲ ನಡೀತು. ಹಿಡಿದದ್ದು ಬಿಡದವನು ಅನ್ನೋ ಅರ್ಥ ಬಂದಿದ್ದು ಇತ್ತೀಚೆಗೆ, ಇನ್ನೂರು ಚಿಲ್ಲರೆ ವರ್ಷದ ಹಿಂದೆ."

"ಅಂದ್ರ ಮೊದಲು ಬೈಗುಳ, ಆಮ್ಯಾಲೆ ಹೊಗಳಿಕೆ."

"ಹೌದು. ಈಗ ಹಳೇ ಅರ್ಥದಲ್ಲಿ ಯಾರೂ ಹೇಳಲ್ಲ. ನಿಮ್ ಸಾಹೇಬ್ರು ಹೊಗಳೋಕೇ ಹೇಳಿದ್ದು."

"ಯಾರೂ ಹೇಳಲ್ಲ ಅಂದ್ರ ನಮ್ಮ ಫ್ಯಾಕ್ಟರಿಯಾಗ ದಿನಾ ಬೊಗಳ್ತಾರಲ್ರಿ, ಅವರೇನು ಏಳುನೂರು ವರ್ಷದ ಹಿಂದಿನೋರೇನು?"

ಮೇಡಂ ಡಿಕ್ಷನರಿ ಮುಚ್ಚಿದರು. ಸ್ವಲ್ಪ ಬೇಸರದಿಂದಲೇ, "ಒಂದು ಪದದ ಮೇಲೆ ಇಷ್ಟು ಕೋಪ ಯಾಕೆ ಜಯಮಾಲಾ? ಹಬ್ಬ ಆಗಿ ತಿಂಗಳಾಗ್ತಾ ಬಂತು. ಅದೇ ಹಿಡ್ಕೊಂಡು ಕೂತಿದೀರಲ್ಲ. ಅದಕ್ಕೆ ಮುಂಚೆ ನೀವು ಅವರನ್ನ ಏನು ಕೇಳ್ತಿದ್ರಿ? ಅದೇನಾಯ್ತು?" ಅಂದರು.

ಜಯಮಾಲಾ ಚೀಲ ಎತ್ತಿಕೊಂಡು ಹೊರಟಳು.

ಹಲಗೆ ಇನ್ನೂ ಗೋಡೆಯ ಮೇಲಿತ್ತು. ನಿನ್ನೆ ಅವಳೇ ಅದರಿಂದ ಟೋಕನ್ ತೆಗೆದುಕೊಂಡು ಹೋಗಿಬಂದಿದ್ದಳು. ಹಬ್ಬದಿಂದ ಈಚೆಗೆ ಒಂದೇ ಒಂದು ಸಲವೂ ಆ ಮಾತನ್ನು ಯಾರ ಮುಂದೂ ಎತ್ತಿರಲಿಲ್ಲ. ವಾಚ್‌ಮನ್ ತಳ್ಳಿದಾಗ ಬಿಡದವಳು, ಹಾಜರಿ ಕತ್ತರಿಸಿದಾಗ ಬಿಡದವಳು, ಗುಂಡಿ ಹಚ್ಚಲು ಕೂರಿಸಿದಾಗ ಬಿಡದವಳು, ಒಂದು ಕುಕ್ಕರಿಗೂ ಒಂದು ಪದಕ್ಕೂ ಬಿಟ್ಟುಬಿಟ್ಟಿದ್ದಳು. ಬಿಟ್ಟದ್ದು ತನಗೇ ಗೊತ್ತಾಗಿರಲಿಲ್ಲ. ಆ ಸಾಹೇಬ ಹೊಗಳಿದನೋ ಬೈದನೋ, ಅದನ್ನು ಅಳೆಯುತ್ತ ಕೂತು ನೂರ್‌ಜಹಾನಳನ್ನು ಮರೆತಿದ್ದಳು. ಕಾಲೊನಿಯ ಗೇಟು ದಾಟಿ ಬರುವಾಗ ಅವಳಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಹೊಡೆದುಕೊಂಡಳು ಕೂಡ. ಎಳನೀರಿನವನು ತಿರುಗಿ ನೋಡಿದ.

ಸೋಮವಾರ ಶಿಪ್‌ಮೆಂಟಿನ ದಿನ. ಹೊರಗೆ ಕಂಟೇನರ್ ಲಾರಿ ಬಂದು ನಿಂತಿತ್ತು. ಪೀರಪ್ಪ ಎಂದಿನಂತೆ ಟೋಕನ್‌ಗಳನ್ನು ಜೇಬಿಗೆ ಇಳಿಸಿದ್ದ. ಊಟಕ್ಕೆ ಇನ್ನೂ ಹೊತ್ತಿದ್ದಾಗ ಜಯಮಾಲಾ ಮಿಷನ್ ನಿಲ್ಲಿಸಿ ಎದ್ದು ಬಾಗಿಲ ಕಡೆ ನಡೆದಳು.

"ಏಯ್! ಟೋಕನ್ ಎಲ್ಲಿ?"

"ಇಲ್ಲ."

"ಕೂತ್ಕೋ ಹೋಗು. ನಾಯಿ ಬಾಲ..."

ಅವಳು ತಿರುಗಿದಳು. ನೂರ್‌ಜಹಾನ್ ಕೂರುತ್ತಿದ್ದ ಮಿಷನ್ನಿನ ಪಕ್ಕದಲ್ಲಿ ನಿಂತಿದ್ದಳು. ಅದರ ಮೇಲೆ ಕೈ ಇಟ್ಟಳು.

"ಪೀರಪ್ಪನೋರ, ನೂರ್‌ಜಹಾನ್ ಇಲ್ಲೇ ಕುಂತಿದ್ಲು. ನಿಮಗ ಎರಡು ಸರ್ತಿ ಕೇಳಿದ್ಲು. ಟೋಕನ್ ನಿಮ್ಮ ಕಿಸೆದಾಗಿತ್ತು. ಅಕಿ ಇಲ್ಲೇ, ಈ ಸ್ಟೂಲಿನ ಮ್ಯಾಲೆ, ಎಲ್ಲಾರ ಮುಂದ..." ಅವಳ ದನಿ ಎಷ್ಟು ಸಣ್ಣದಾಗಿತ್ತೆಂದರೆ ಕೇಳಿಸಿಕೊಳ್ಳಲು ಪಕ್ಕದವರು ಮಿಷನ್ ನಿಲ್ಲಿಸಬೇಕಾಯಿತು. ಅವರು ನಿಲ್ಲಿಸಿದ್ದು ನೋಡಿ ಅವರಾಚೆಯವರು ನಿಲ್ಲಿಸಿದರು. ಸ್ವಲ್ಪ ಹೊತ್ತಿನಲ್ಲಿ ಇಡೀ ಲೈನು ನಿಶ್ಶಬ್ದವಾಯಿತು. "ನಾವೆಲ್ಲಾ ನೋಡ್ಕೋತ ಕುಂತಿದ್ವಿ. ನಾನೂ ಕುಂತಿದ್ದೆ. ಈಗ ನಾನು ಹೊಂಟೀನಿ. ಹಿಡೀರಿ ನೋಡೋಣ."

ಪೀರಪ್ಪ ಅವಳ ತೋಳು ಹಿಡಿದ. ಹಿಡಿದವನು ಅವಳ ಮುಖ ನೋಡಿ ಬಿಟ್ಟ.

ಮೊದಲು ಎದ್ದವಳು, ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದ ಜಟ್ಟೆಮ್ಮ. ಲೈನಿನಲ್ಲೇ ಹಿರಿಯಳು. "ನಂಗೂ ಅವಸರ ಆಗೈತೆ" ಎಂದು ಗಟ್ಟಿಯಾಗಿ ಹೇಳಿ ಸೀರೆ ಕೊಡವಿಕೊಂಡು ನಡೆದಳು. ಅವಳ ಹಿಂದೆ ಇಬ್ಬರು. ಆಮೇಲೆ ಸ್ಟೂಲುಗಳು ಸರಿಯುವ ಸದ್ದೊಂದೇ. ಅರವತ್ತು ಜನ ಪ್ಯಾಸೇಜಿನಲ್ಲಿ ನುಗ್ಗಿದರು. ಪಾಯಿಖಾನೆಯಲ್ಲಿ ನಾಲ್ಕು ಬಾಗಿಲಿದ್ದವು, ಎರಡಕ್ಕೆ ಯಾವಾಗಲೂ ಬೀಗ. ರಿಪೇರಿ ಎಂದು ಹೇಳುತ್ತಿದ್ದರು. ನೂಕುನುಗ್ಗಲಿನಲ್ಲಿ ಒಂದರ ಕೊಂಡಿ ಕಿತ್ತು ಬಾಗಿಲು ತೆರೆದುಕೊಂಡಿತು. ಒಳಗೆ ಸೂರಿನವರೆಗೆ ರಟ್ಟಿನ ಪೆಟ್ಟಿಗೆಗಳು. ಇನ್ನೊಂದನ್ನು ಅವರೇ ಒಡೆದರು. ಅದರಲ್ಲೂ ಪೆಟ್ಟಿಗೆಗಳು. ಅವರ ಪಾಯಿಖಾನೆಯನ್ನು ಗೋದಾಮು ಮಾಡಿ ಅವರ ಕೈಗೆ ಟೋಕನ್ ಕೊಟ್ಟಿದ್ದರು.

ಆಮೇಲೆ ಯಾರೂ ಯಾರ ಮಾತೂ ಕೇಳಲಿಲ್ಲ. ಪೆಟ್ಟಿಗೆಗಳು ಒಂದೊಂದಾಗಿ ಪ್ಯಾಸೇಜಿಗೆ ಹಾರಿದವು. ಜಟ್ಟೆಮ್ಮ ಒಂದರ ಮೇಲೆ ಹತ್ತಿ ತುಳಿದಳು. ಪಕ್ಕದ ಲೈನಿನವರೂ ಎದ್ದು ಬಂದರು.

ಜಿ.ಎಂ. ಸಾಹೇಬರು ಸಮರ್ಥನೊಂದಿಗೆ ಓಡಿ ಬಂದರು. ಇಂಗ್ಲಿಷಿನಲ್ಲಿ ಕಿರುಚಿದರು. ಜಯಮಾಲಾ ಸಮರ್ಥನ ಕಡೆ ನೋಡಿ, "ಏನಂತಾರ? ಸರಿಯಾಗಿ ಹೇಳ್ರಿ ಈ ಸಲ" ಅಂದಳು.

"ಏನು ಬೇಕು ನಿಮಗೆ ಅಂತ ಕೇಳ್ತಿದಾರೆ."

"ಬ್ಯಾಸಿಗಿಯಿಂದ ದಿನಾ ಗೇಟಿನಾಗ ನಿಂತು ಹೇಳೀನಿ. ಗಾಜು ಇಳಿಸಿದ್ರ ಕೇಳ್ತಿತ್ತು ಅಂತ ಹೇಳ್ರಿ."

ಸಮರ್ಥ್ ಹೇಳಿದನೋ ಬಿಟ್ಟನೋ ತಿಳಿಯದು. ಸಾಹೇಬರು ಹೊರಗೆ ನಿಂತ ಲಾರಿಯನ್ನು ನೋಡಿದರು, ಹೆಂಗಸರನ್ನು ನೋಡಿದರು. ನಾಳೆ ಮಾತಾಡೋಣ ಅಂದರು. ಹೆಂಗಸರು ಅಲ್ಲೇ ನೆಲದ ಮೇಲೆ ಕೂತರು. ಊಟದ ಬೆಲ್ಲು ಹೊಡೆದಾಗ ಬುತ್ತಿಗಳನ್ನು ಅಲ್ಲಿಗೇ ತರಿಸಿಕೊಂಡು ಉಂಡರು, ಹೊಟ್ಟೆ ತುಂಬ ನೀರು ಕುಡಿದರು. ಲಾರಿ ಡ್ರೈವರ್ ಹಾರ್ನ್ ಬಾರಿಸತೊಡಗಿದ ಮೇಲೆ ಪೀರಪ್ಪನೇ ಬಂದು ಎಲ್ಲ ಲೈನಿನ ಹಲಗೆಗಳನ್ನೂ ಮೊಳೆ ಸಮೇತ ಕೀಳಬೇಕಾಯಿತು. ಜಯಮಾಲಾಗೆ ಅದನ್ನು ನೋಡಿ ಸಂತೋಷವಾಗಲಿಲ್ಲ. ಇಷ್ಟೇ ಹೊತ್ತಿನ ಕೆಲಸವಾಗಿತ್ತಲ್ಲ ಎಂದು ಮತ್ತಷ್ಟು ಸಿಟ್ಟು ಬಂತು.

ಶಿಪ್‌ಮೆಂಟ್ ಹೋಯಿತು. ವಿದೇಶದವರು ಬಂದು ನಾಲ್ಕು ಪಾಯಿಖಾನೆಗಳನ್ನೂ ನೋಡಿ ತಲೆಯಾಡಿಸಿ ಹೋದರು. ಅವರು ಹೋದ ಮೇಲೆ ಜಯಮಾಲಾಳನ್ನು ಕೆಲಸದಿಂದ ತೆಗೆದರು. ಕಂಪನಿಯ ಸ್ವತ್ತು ಹಾಳುಮಾಡಿದಳು ಎಂಬುದು ಆರೋಪ. ಸಮರ್ಥ್ ತಲೆ ಎತ್ತದೆ ಹೇಳಿದ. ಅವಳು ಕುರ್ಚಿಯಲ್ಲಿ ಕೂರಲೂ ಇಲ್ಲ. ಹತ್ತು ದಿನದಲ್ಲಿ ಮಾರತ್ತಹಳ್ಳಿ ಕಡೆಯ ಇನ್ನೊಂದು ಗಾರ್ಮೆಂಟ್ಸ್‌ನಲ್ಲಿ ಕಾಲರಿನ ಕೆಲಸವೇ ಸಿಕ್ಕಿತು.

ಅಲ್ಲಿ ಸೇರುವ ಮುಂಚೆ ಅವಳು ಶಿವಾಜಿನಗರಕ್ಕೆ ಹೋದಳು. ವಿಷಯ ತಿಳಿದರೆ ನೂರ್‌ಜಹಾನ್ ಎಷ್ಟು ಖುಷಿಪಡುತ್ತಾಳೋ ಎಂದು ದಾರಿಯುದ್ದಕ್ಕೂ ಅಂದುಕೊಂಡು ಹೋದಳು. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಮಹಡಿಯ ಮೇಲಿನ ಒಂದು ಕೋಣೆ. ನೂರ್‌ಜಹಾನ್ ನೆಲದ ಮೇಲೆ ಕೂತು ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯ ಚೂಡಿದಾರಗಳಿಗೆ ಜರಿ ಹಚ್ಚುತ್ತಿದ್ದಳು. ಸೊರಗಿದ್ದಳು. ಜಯಮಾಲಾ ಹೇಳುತ್ತಿದ್ದುದನ್ನೆಲ್ಲ ಸೂಜಿ ನಿಲ್ಲಿಸದೆ ಕೇಳಿದಳು. ಮಿಷನ್ನಿನ ಮೇಲೆ ಕೈಯಿಟ್ಟು ಅವಳ ಹೆಸರು ಹೇಳಿದ ಭಾಗ ಬಂದಾಗ ಸೂಜಿ ನಿಂತಿತು.

"ನನ್ನ ಹೆಸರು ಹೇಳಿದ್ಯಾ?"

"ಹೌದವ್ವಾ. ನಿನ್ನ ಹೆಸರು ಹೇಳಿದ್ದಕ್ಕ ಎಲ್ಲಾರೂ..."

"ಯಾರನ್ನ ಕೇಳಿ ಹೇಳ್ದೆ ಅಕ್ಕಾ? ಅವತ್ತು ನೋಡದೇ ಇದ್ದೋರಿಗೂ ಈಗ ಗೊತ್ತಾಯ್ತಲ್ಲ? ಪಕ್ಕದ ಲೈನ್, ಕಟಿಂಗ್, ಪ್ಯಾಕಿಂಗ್, ಎಲ್ಲಾರಿಗೂ! ಅವ್ರಲ್ಲಿ ನಮ್ ಗಲ್ಲಿಯೋರು ಎಷ್ಟ್ ಜನ ಇದಾರೆ ಗೊತ್ತಾ ನಿಂಗೆ?" ಅವಳ ಗಂಟಲು ಹರಿಯುವಂತಿತ್ತು. "ನಾನು ಹೋಗಿ ಎಷ್ಟ್ ತಿಂಗಳಾಯ್ತು. ಒಂದ್ಸಲ ಬಂದ್ಯಾ? ಜ್ವರ ಬಂದು ಬೌರಿಂಗ್ ಆಸ್ಪತ್ರೇಲಿ ಮಲಗಿದ್ದೆ. ಬಂದ್ಯಾ? ಗೇಟಲ್ಲಿ ನಿಂತಿದ್ದಂತೆ ಗೇಟಲ್ಲಿ!"

ಜಯಮಾಲಾ ಗೋಡೆಗೆ ಒರಗಿ ಕೂತೇ ಇದ್ದಳು. ಬಂದಿರಲಿಲ್ಲ, ಅದು ನಿಜ. ಶಿವಾಜಿನಗರದ ಬಸ್ಸು ದಿನವೂ ಅವಳ ಮುಂದೆಯೇ ಹೋಗುತ್ತಿತ್ತು.

"ತಪ್ಪಾತು" ಅಂದಳು.

ನೂರ್‌ಜಹಾನ್ ತುಂಬ ಹೊತ್ತು ಬೈದಳು. ದಖನಿಯಲ್ಲೂ ಬೈದಳು, ಕನ್ನಡದಲ್ಲೂ ಬೈದಳು. ಕೆಳಗಿನ ಮನೆಯವರು ಮೆಟ್ಟಿಲಿನಲ್ಲಿ ಬಂದು ಇಣುಕಿದರು. ಬೈದು ಬೈದು ಉಸಿರು ಕಟ್ಟಿ ನಿಲ್ಲಿಸಿದಾಗ ಒಂದು ಮಾತು ಕೇಳಿದಳು.

"ಪೀರಪ್ಪ ಇನ್ನೂ ಅಲ್ಲೇ ಇದಾನಾ?"

"ಇದ್ದಾನ."

"ನಿನ್ನ ತೆಗೆದ್ರು, ಅವನು ಇದಾನೆ."

"ಹ್ಞೂಂ."

ನೂರ್‌ಜಹಾನ್ ಜರಿಯ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟಳು. ಮೊಳೆಯಿಂದ ಬುರ್ಖಾ ತೆಗೆದುಕೊಂಡಳು. "ನಡಿ" ಅಂದಳು.

ಸಂಜೆ ಶಿಫ್ಟು ಬಿಡುವ ಹೊತ್ತಿಗೆ ಇಬ್ಬರೂ ಗೇಟಿನ ಎದುರು ಇದ್ದರು. ಹೆಂಗಸರು ಹೊರಗೆ ಬಂದವರು ಇವರನ್ನು ಕಂಡು ಅಲ್ಲಲ್ಲೇ ನಿಂತರು. ಪೀರಪ್ಪ ಊಟದ ಡಬ್ಬಿ ಹಿಡಿದು ಬಂದ. ನೂರ್‌ಜಹಾನ್ ಮುಖದ ಮೇಲಿನ ಪರದೆ ಎತ್ತಿ ಅವನ ದಾರಿಗೆ ಅಡ್ಡ ನಿಂತಳು.

"ಅವತ್ತು ಬಟ್ಟೆ ಎತ್ತಿ ಹಿಡ್ದು ಏನಂದೆ? ಈಗ ಹೇಳು. ನಾನು ಸರಿಯಾಗಿ ಕೇಳಿಸ್ಕೊಂಡಿರ್ಲಿಲ್ಲ."

ಪೀರಪ್ಪ ಎಡಕ್ಕೆ ಸರಿದ. ಅವಳೂ ಸರಿದಳು. ಬಲಕ್ಕೆ ಸರಿದ. ಜಟ್ಟೆಮ್ಮ ಅಡ್ಡ ಬಂದಳು.

"ಹೇಳಪ್ಪ. ನಿನ್ನ ತಂಗಿಗೆ ಹೇಳೋ ಥರ ಹೇಳು" ಅಂದಳು ಜಟ್ಟೆಮ್ಮ.

ಅವನು ನೆಲ ನೋಡುತ್ತ ಏನೋ ಗೊಣಗಿದ. "ಜೋರಾಗಿ" ಅಂದಳು ನೂರ್‌ಜಹಾನ್. ಅವನು ಕ್ಷಮಿಸಿ ಎನ್ನಲಿಲ್ಲ. ಹಿಂದೆ ತಿರುಗಿ ಮತ್ತೆ ಫ್ಯಾಕ್ಟರಿಯ ಒಳಗೇ ಹೊರಟ. ವಾಚ್‌ಮನ್ ಗೇಟು ತೆರೆದು ಒಳಗೆ ಬಿಟ್ಟುಕೊಂಡ. ಜಯಮಾಲಾ ಇಷ್ಟೂ ಹೊತ್ತು ಒಂದು ಮಾತೂ ಆಡಲಿಲ್ಲ. ಆಡಬಾರದು ಎಂದು ಬಸ್ಸಿನಲ್ಲೇ ನೂರ್‌ಜಹಾನ್ ಹೇಳಿ ಕರೆತಂದಿದ್ದಳು.

"ಹೊರಗೆ ಬರ್ಲೇಬೇಕಲ್ಲ" ಎಂದು ನೂರ್‌ಜಹಾನ್ ಗೇಟಿನ ಎದುರಿನ ಕಟ್ಟೆಯ ಮೇಲೆ ಕೂತಳು. ಜಟ್ಟೆಮ್ಮ ಅವಳ ಪಕ್ಕ ಕೂತಳು. ಬಸ್ಸಿಗೆ ಹೊತ್ತಾಯಿತು ಎನ್ನುತ್ತಿದ್ದ ಇನ್ನು ನಾಲ್ಕಾರು ಜನರೂ ಬುತ್ತಿಚೀಲ ಕೆಳಗಿಟ್ಟು ಕೂತರು. ಜಯಮಾಲಾ ತನಗೂ ಜಾಗ ಬಿಡುತ್ತಾರೇನೋ ಎಂದು ನೂರ್‌ಜಹಾನಳ ಮುಖ ನೋಡಿದಳು. ನೂರ್‌ಜಹಾನ್ ಅವಳ ಕಡೆ ತಿರುಗಲಿಲ್ಲ, ಸಿಟ್ಟು ಇಳಿದಿರಲಿಲ್ಲ. ಆದರೆ ಒಂದಿಷ್ಟು ಸರಿದು ಕೂತಳು.